ಬಿಚ್ಚುವ ಮುಂಚೆ ಕೇಳಿ

ಮನೆಯಲ್ಲೇ ಗಾಡಿ, ಮೋಟಾರು, ಮಿಕ್ಸಿ ಬಿಚ್ಚಿ ಕೂರುವ ಓದುಗರ ಪ್ರಶ್ನೆಗಳಿಗೆ ಇಲ್ಲಿ ಉತ್ತರ. ಈ ಸಲ ಬಂದ ಪತ್ರಗಳಲ್ಲಿ ನಿಂತುಹೋದ ಹಳೆಯ ಬೈಕಿನವೇ ಜಾಸ್ತಿ. ಹಾಗಾಗಿ ಅದಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇವೆ.

ಪ್ರಶ್ನೆ: ಅಪ್ಪ ಓಡಿಸುತ್ತಿದ್ದ ಯೆಜ್ಡಿ ರೋಡ್‌ಕಿಂಗ್ ಹನ್ನೊಂದು ವರ್ಷದಿಂದ ಮೆಟ್ಟಿಲ ಕೆಳಗೆ ನಿಂತಿದೆ. ಕಿಕ್ ಕಲ್ಲಿನ ಹಾಗೆ ಕೂತಿದೆ, ಟ್ಯಾಂಕಿನೊಳಗೆಲ್ಲ ತುಕ್ಕು. ಇಂಜಿನ್ ಪೂರ್ತಿ ಇಳಿಸಲೇಬೇಕು ಅನ್ನುತ್ತಾರೆ ಮೆಕ್ಯಾನಿಕ್. ಮನೆಯಲ್ಲಿ ಎಲ್ಲಿಯವರೆಗೆ ಮಾಡಿಕೊಳ್ಳಬಹುದು?
— ಬಸವನಗುಡಿಯಿಂದ

ಉತ್ತರ: ಮೆಕ್ಯಾನಿಕ್ ಹೇಳಿದ್ದು ಕೊನೆಗೆ ನಿಜವಾಗಬಹುದು, ಆದರೆ ಮೊದಲ ದಿನವೇ ಅಲ್ಲ. ಕಿಕ್ ಮೇಲೆ ಎದ್ದು ನಿಂತು ತುಳಿಯುವುದನ್ನು ಮಾತ್ರ ಇವತ್ತೇ ಬಿಡಿ. ಒಳಗೆ ಪಿಸ್ಟನ್ ರಿಂಗು ತುಕ್ಕಿನಿಂದ ಸಿಲಿಂಡರಿಗೆ ಅಂಟಿಕೊಂಡಿರುತ್ತದೆ. ಜೋರು ಮಾಡಿದರೆ ರಿಂಗು ಮುರಿದು ಪೋರ್ಟಿಗೆ, ಅಂದರೆ ಸಿಲಿಂಡರಿನ ಗೋಡೆಯ ಕಿಂಡಿಗೆ ಸಿಕ್ಕಿಕೊಳ್ಳುತ್ತದೆ, ಇಲ್ಲವೇ ಕಿಕ್ಕಿನ ಹಲ್ಲು ಹೋಗುತ್ತದೆ. ಯೆಜ್ಡಿ ತಯಾರಿಸುತ್ತಿದ್ದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲೇ ಮುಚ್ಚಿತು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಹುಡುಕಿದರೆ ಪಾರ್ಟ್ ಸಿಗುತ್ತದೆ, ಆದರೆ ಗುಣಮಟ್ಟ ಒಂದೊಂದು ಅಂಗಡಿಗೆ ಒಂದೊಂದು ಥರ. ಇರುವ ಒರಿಜಿನಲ್ ಪಾರ್ಟನ್ನು ಮುರಿದುಕೊಳ್ಳದೆ ಉಳಿಸಿಕೊಳ್ಳುವುದೇ ಲಾಭ.

ಸ್ಪಾರ್ಕ್ ಪ್ಲಗ್ ಬಿಚ್ಚಿ. ಡೀಸೆಲ್ ಮತ್ತು 2ಟಿ ಆಯಿಲ್ (ಇಂಥ ಟೂ ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ ಎಣ್ಣೆ) ಸಮಸಮ ಬೆರೆಸಿ, ಸುಮಾರು 20 ಮಿ.ಲೀ.ನಷ್ಟನ್ನು ಸಿರಿಂಜಿನಲ್ಲಿ ಆ ತೂತಿಗೆ ಬಿಡಿ. ಪ್ಲಗ್ಗನ್ನು ಕೈಯಲ್ಲೇ ಎರಡು ಸುತ್ತು ಹಾಕಿ ಮುಚ್ಚಿ ರಾತ್ರಿಯಿಡೀ ಬಿಡಿ. ಮಾರನೆಯ ದಿನ ಸೆಂಟರ್ ಸ್ಟ್ಯಾಂಡ್ ಹಾಕಿ, ನಾಲ್ಕನೇ ಗೇರಿಗೆ ತಂದು, ಹಿಂದಿನ ಚಕ್ರವನ್ನು ಎರಡೂ ಕೈಯಲ್ಲಿ ಹಿಡಿದು ಹಿಂದೆ ಮುಂದೆ ತೂಗಿ. ಎಳೆಯುವುದು ಬೇಡ, ತೊಟ್ಟಿಲು ತೂಗಿದ ಹಾಗೆ. ಅಲುಗದಿದ್ದರೆ ಇನ್ನೊಂದು 10 ಮಿ.ಲೀ. ಬಿಟ್ಟು ಮತ್ತೊಂದು ದಿನ ಕಾಯಿರಿ. ಕೂದಲೆಳೆಯಷ್ಟು ಕದಲಿದರೂ ಸಾಕು, ನಾಲ್ಕೈದು ದಿನದಲ್ಲಿ ಪೂರ್ತಿ ಬಿಡುತ್ತದೆ. ವಾರವಾದರೂ ಜಗ್ಗದಿದ್ದರೆ ಹೆಡ್ ಮತ್ತು ಬ್ಯಾರೆಲ್ ಎತ್ತಲೇಬೇಕು. ಟೂ ಸ್ಟ್ರೋಕಿನಲ್ಲಿ ವಾಲ್ವ್ ಇಲ್ಲದ್ದರಿಂದ ಅದೂ ಹೆದರುವ ಕೆಲಸವಲ್ಲ.

ಪಿಸ್ಟನ್ ಬಿಟ್ಟ ಕೂಡಲೇ ಸ್ಟಾರ್ಟ್ ಮಾಡುವ ಆಸೆ ಬರುತ್ತದೆ. ತಡೆಯಿರಿ. ಸೈಲೆನ್ಸರ್ ಬಿಚ್ಚಿ, ಪೋರ್ಟಿನೊಳಗೆ ಟಾರ್ಚ್ ಬಿಟ್ಟು, ಚಕ್ರವನ್ನು ನಿಧಾನ ತಿರುಗಿಸುತ್ತ ನೋಡಿ. ಪಿಸ್ಟನ್ನಿನ ಪಕ್ಕ ಮತ್ತು ರಿಂಗಿನ ಅಂಚು ಎರಡೂ ಕಾಣುತ್ತವೆ. ತೆಳು ಕಂದು ಕಲೆ ಇದ್ದರೆ ಚಿಂತೆಯಿಲ್ಲ. ಉಗುರಿಗೆ ತಾಗುವಂಥ ಉದ್ದುದ್ದ ಗೀರಿದ್ದರೆ ಬೋರ್ ಮಾಡಿಸಿ, ಅಂದರೆ ಸಿಲಿಂಡರಿನ ಒಳಗನ್ನು ಕೊರೆಸಿ, ಓವರ್‌ಸೈಜ್ ಪಿಸ್ಟನ್ ಹಾಕಬೇಕಾಗುತ್ತದೆ, ಅದು ಬೋರಿಂಗ್ ಅಂಗಡಿಯ ಕೆಲಸ.

ಇನ್ನು ಟ್ಯಾಂಕು. ಪೆಟ್ರೋಲ್ ಟ್ಯಾಪನ್ನು ಬಿಚ್ಚಿ ತೂತಿಗೆ ರಬ್ಬರ್ ಬಿರಡೆ ಹಾಕಿ. ಹಳೆಯ ಪೆಟ್ರೋಲು ಸುರಿದು, ಸೋಪು ನೀರಿನಲ್ಲಿ ಎರಡು ಸಲ ತೊಳೆಯಿರಿ. ಗ್ರಂಥಿಗೆ ಅಂಗಡಿಯಲ್ಲಿ ಸಿಗುವ ನಿಂಬೆ ಉಪ್ಪನ್ನು ಲೀಟರ್ ಬಿಸಿನೀರಿಗೆ 100 ಗ್ರಾಂ ಲೆಕ್ಕದಲ್ಲಿ ಕರಗಿಸಿ ಕತ್ತಿನವರೆಗೂ ತುಂಬಿ. ಅರ್ಧ ತುಂಬಿದರೆ ಮೇಲರ್ಧದ ತುಕ್ಕು ಹಾಗೇ ಉಳಿಯುತ್ತದೆ. 12 ಗಂಟೆಗೊಮ್ಮೆ ನೋಡಿ, 24 ಗಂಟೆ ಮೀರಬೇಡಿ, ಆಮೇಲೆ ಅದು ಒಳ್ಳೆಯ ತಗಡನ್ನೂ ತಿನ್ನತೊಡಗುತ್ತದೆ. ಹೊರಗಿನ ಬಣ್ಣದ ಮೇಲೆ ಚೆಲ್ಲಿದರೆ ತಕ್ಷಣ ತೊಳೆಯಿರಿ. ಸುರಿದ ಮೇಲೆ ಅಡುಗೆ ಸೋಡಾ ಕರಗಿಸಿದ ನೀರು, ಕೊನೆಗೆ ಕುದಿಯುವ ಹಾಗಿರುವ ಬಿಸಿನೀರು. ಬಿಸಿನೀರಿನ ಕಾವಿಗೆ ಟ್ಯಾಂಕು ತಾನೇ ಬೇಗ ಆರುತ್ತದೆ. ಆರಿದ ಹತ್ತು ನಿಮಿಷಕ್ಕೆ ಕೇಸರಿ ಬಣ್ಣದ ಹೊಸ ತುಕ್ಕು ಹಿಡಿಯಲು ಶುರುವಾಗುವುದರಿಂದ, 100 ಮಿ.ಲೀ. 2ಟಿ ಆಯಿಲ್ ಹಾಕಿ ಎಲ್ಲ ಮೂಲೆಗೂ ಹೊರಳಿಸಿ. ತುಕ್ಕು ಹೋದ ಮೇಲೆ ಟ್ಯಾಂಕು ಸೋರಿದರೆ ನಿಂಬೆ ಉಪ್ಪನ್ನು ಬೈಯಬೇಡಿ. ತೂತು ಮೊದಲೇ ಇತ್ತು, ತುಕ್ಕೇ ಅದಕ್ಕೆ ಬಿರಡೆಯಾಗಿತ್ತು. ಪೆಟ್ರೋಲ್ ಕಂಡ ಟ್ಯಾಂಕನ್ನು ಸಿಕ್ಕಿದ ವೆಲ್ಡಿಂಗ್ ಅಂಗಡಿಗೆ ಕೊಡಬೇಡಿ. ಒಳಗುಳಿದ ಆವಿ ಸಿಡಿಯುತ್ತದೆ. ಟ್ಯಾಂಕಿನ ಕೆಲಸವನ್ನೇ ಮಾಡುವವರಿದ್ದಾರೆ, ಅವರ ಹತ್ತಿರವೇ ಹೋಗಿ.

ಕಾರ್ಬ್ಯುರೇಟರಿನಲ್ಲಿ ಕಟ್ಟಿಕೊಳ್ಳುವುದು ಸಾಮಾನ್ಯವಾಗಿ ಪೈಲಟ್ ಜೆಟ್, ಐಡ್ಲಿಂಗಿಗೆ ಪೆಟ್ರೋಲ್ ಬಿಡುವ ಸಣ್ಣ ನಳಿಕೆ. ಅದರ ತೂತು ಸೂಜಿಮೊನೆಗಿಂತ ಸಣ್ಣದು, ಜೆಟ್ ಹಿತ್ತಾಳೆಯದು. ಪಿನ್ನು, ಗಿಟಾರ್ ತಂತಿ ತೂರಿಸಿದರೆ ತೂತು ಅಗಲವಾಗಿ, ಆಮೇಲೆ ಎಷ್ಟು ಟ್ಯೂನ್ ಮಾಡಿದರೂ ಐಡ್ಲಿಂಗ್ ಕೂರುವುದಿಲ್ಲ. ಕರೆಂಟ್ ವೈರಿನಿಂದ ತೆಗೆದ ಒಂದೇ ಒಂದು ತಾಮ್ರದ ಎಳೆ ಸಾಕು. ಏರ್ ಸ್ಕ್ರೂ ಬಿಚ್ಚುವ ಮುಂಚೆ ಅದನ್ನು ಒಳಕ್ಕೆ ಮೆಲ್ಲಗೆ ತಿರುಗಿಸಿ, ಎಷ್ಟು ಸುತ್ತಿಗೆ ಕೂತಿತು ಎಂದು ಬರೆದಿಟ್ಟುಕೊಳ್ಳಿ. ಲೆಕ್ಕ ತಪ್ಪಿದರೆ ಒಂದೂವರೆ ಸುತ್ತಿನಿಂದ ಶುರುಮಾಡಿ.

ನಿಮ್ಮ ಗಾಡಿ ನಿಂತಾಗ ಇದ್ದ ಪೆಟ್ರೋಲೇ ಬೇರೆ, ಈಗಿನದೇ ಬೇರೆ. ಶೇಕಡ 20 ಎಥೆನಾಲ್ ಬೆರೆತ ಇ20 ಪೆಟ್ರೋಲು 2023ರ ಫೆಬ್ರವರಿ 6ರಂದು ಇದೇ ಬೆಂಗಳೂರಿನಲ್ಲಿ ಬಿಡುಗಡೆಯಾಯಿತು. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ತೇವ ಮಿತಿ ಮೀರಿದರೆ ನೀರು ಮತ್ತು ಎಥೆನಾಲ್ ಒಟ್ಟಾಗಿ ಪೆಟ್ರೋಲಿನಿಂದ ಬೇರ್ಪಟ್ಟು ತಳಕ್ಕೆ ಇಳಿಯುತ್ತವೆ. ಟ್ಯಾಪ್ ಎಳೆದುಕೊಳ್ಳುವುದು ತಳದಿಂದಲೇ ಅಲ್ಲವೇ? ಹಳೆಯ ರಬ್ಬರ್ ಪೈಪು, ಟ್ಯಾಪಿನ ವಾಷರು, ಫ್ಲೋಟ್ ನೀಡಲ್ಲಿನ ಮೊನೆ ಇವೆಲ್ಲ ಉಬ್ಬುತ್ತವೆ, ಇಲ್ಲವೇ ಬಿರುಕು ಬಿಡುತ್ತವೆ. ಇವನ್ನು ಹೇಗೂ ಬದಲಿಸುತ್ತೀರಿ, ಅಂಗಡಿಯಲ್ಲಿ ಎಥೆನಾಲ್ ತಡೆಯುವ ವಿಟಾನ್ ರಬ್ಬರಿನದ್ದನ್ನೇ ಕೇಳಿ. ತಿಂಗಳಿಗೂ ಹೆಚ್ಚು ಗಾಡಿ ನಿಲ್ಲಿಸುವುದಾದರೆ ಟ್ಯಾಪ್ ಮುಚ್ಚಿ, ಕಾರ್ಬ್ಯುರೇಟರಿನ ಬೌಲ್ ಖಾಲಿ ಮಾಡಿ. ಪೆಟ್ರೋಲಿಗೆ 2ಟಿ ಆಯಿಲ್ ಲೀಟರಿಗೆ 40 ಮಿ.ಲೀ., ಅಂದರೆ 25ಕ್ಕೆ 1.

ಕಿಡಿಗಾಗಿ ಕರೆಂಟನ್ನು ಕೂಡಿಸಿ ಕಡಿಯುವ ಪಾಯಿಂಟ್ ಇರುವ ಗಾಡಿಯಾದರೆ ಅದರ ಮೇಲೆ ಬೂಷ್ಟಿನಂಥ ಪದರ ಕಟ್ಟಿರುತ್ತದೆ. 400ರ ಎಮರಿ ಹಾಳೆಯಲ್ಲಿ ಉಜ್ಜಿ, ಪೆಟ್ರೋಲ್ ಬಟ್ಟೆಯಲ್ಲಿ ಒರೆಸಿ, ಪೂರ್ತಿ ತೆರೆದಾಗ 0.4 ಮಿ.ಮೀ. ಗ್ಯಾಪ್ ಇಡಿ. ಪ್ಲಗ್ಗಿಗೆ 0.6. ಕಿಡಿ ನೋಡುವಾಗ ಪ್ಲಗ್ಗನ್ನು ಹೆಡ್ಡಿನ ತೂತಿನ ಹತ್ತಿರ ಹಿಡಿಯಬೇಡಿ. ಒಳಗಿನಿಂದ ಪೆಟ್ರೋಲ್ ಆವಿ ಬರುತ್ತಿರುತ್ತದೆ.

ಇಷ್ಟಾದ ಮೇಲೆ ಗಾಡಿ ಸ್ಟಾರ್ಟ್ ಆಗುತ್ತದೆ. ಮೆಕ್ಯಾನಿಕ್ ಹೇಳಿದ್ದು ಸರಿಯೋ ತಪ್ಪೋ ಗೊತ್ತಾಗುವುದು ಆಗಲೇ. ಟೂ ಸ್ಟ್ರೋಕಿನಲ್ಲಿ ಪೆಟ್ರೋಲು, ಗಾಳಿ ಮೊದಲು ಕ್ರ್ಯಾಂಕ್ ಕೇಸಿಗೆ ಬಂದು ಅಲ್ಲಿಂದ ಮೇಲಕ್ಕೆ ಹೋಗುವುದರಿಂದ, ಕ್ರ್ಯಾಂಕಿನ ಎರಡೂ ಬದಿಯ ಆಯಿಲ್ ಸೀಲು ಗಾಳಿ ಆಡದಂತೆ ಬಿಗಿಯಾಗಿರಬೇಕು. ಹನ್ನೊಂದು ವರ್ಷ ಒಣಗಿದ ಸೀಲು ಗಟ್ಟಿಯಾಗಿರುತ್ತದೆ. ಮ್ಯಾಗ್ನೆಟ್ ಕಡೆಯದು ಹೋಗಿದ್ದರೆ ಅಲ್ಲಿಂದ ಬರೀ ಗಾಳಿ ನುಗ್ಗಿ, ಆಕ್ಸಿಲರೇಟರ್ ಬಿಟ್ಟರೂ ಇಂಜಿನ್ ರೇಸ್ ಆಗುತ್ತಲೇ ಇರುತ್ತದೆ. ಹಾಗೇ ಓಡಿಸಿದರೆ ಪಿಸ್ಟನ್ ಕಾದು ಸೀಜ್ ಆಗುವುದು ಖಂಡಿತ. ಕ್ಲಚ್ ಕಡೆಯದು ಹೋಗಿದ್ದರೆ ಗೇರ್ ಆಯಿಲನ್ನೇ ಹೀರಿ, ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲುವುದಿಲ್ಲ, ಗೇರ್ ಆಯಿಲ್ ಮಟ್ಟ ವಾರದಿಂದ ವಾರಕ್ಕೆ ಇಳಿಯುತ್ತದೆ. ಇವೆರಡರಲ್ಲಿ ಒಂದು ಕಂಡರೂ ಇಂಜಿನ್ ಇಳಿಸಲು ಒಪ್ಪಿಕೊಳ್ಳಿ. ಎರಡೂ ಇಲ್ಲವೆಂದರೆ ಖರ್ಚು ಉಳಿಯಿತು.

ರಸ್ತೆಗೆ ಇಳಿಸುವ ಮುಂಚೆ ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ನಾಲ್ಕು ಅಂಕಿ ನೋಡಿ. 1214 ಎಂದಿದ್ದರೆ 2014ರ 12ನೇ ವಾರದ್ದು. ಟೈರಿನ ಮೇಲಿನ ಗೀರು ಎಷ್ಟೇ ಆಳ ಉಳಿದಿರಲಿ, ಅಷ್ಟು ಹಳೆಯ ರಬ್ಬರನ್ನು ನಂಬಬೇಡಿ.

ಪ್ರಶ್ನೆ: ಗೇರಿಲ್ಲದ 110 ಸಿಸಿ ಸ್ಕೂಟರ್. ಸಿಗ್ನಲ್ಲಿನಲ್ಲಿ ಬಿಡುವಾಗ ಗಡಗಡ ನಡುಗುತ್ತದೆ, ಫ್ಲೈಓವರ್ ಏರುವಾಗ ಇಂಜಿನ್ ಕೂಗುತ್ತದೆಯೇ ಹೊರತು ಗಾಡಿ ಎಳೆಯುವುದಿಲ್ಲ. ಕಾರ್ಬ್ಯುರೇಟರ್ ಎರಡು ಸಲ ಕ್ಲೀನ್ ಮಾಡಿಸಿದ್ದಾಯಿತು.
— ಜಯನಗರದಿಂದ

ಉತ್ತರ: ಇಂಜಿನ್ ಕೂಗುತ್ತಿದೆ ಎಂದರೆ ಇಂಜಿನ್ನಿಗೆ ಕಾಯಿಲೆ ಇಲ್ಲ. ಶಕ್ತಿ ಚಕ್ರಕ್ಕೆ ತಲುಪುತ್ತಿಲ್ಲ, ಅಷ್ಟೇ. ಕಾರ್ಬ್ಯುರೇಟರಿಗೆ ಮೂರನೇ ಸಲ ಕೈ ಹಾಕಬೇಡಿ. ಎಡಗಡೆಯ ಬೆಲ್ಟ್ ಕವರ್ ಬಿಚ್ಚಿ.

ನಡುಕ ಬರುವುದು ಹಿಂದಿನ ಕ್ಲಚ್ಚಿನಿಂದ. ಬೆಂಗಳೂರಿನ ಟ್ರಾಫಿಕ್ಕಿನಲ್ಲಿ ಮೀಟರಿಗೊಮ್ಮೆ ಹಿಡಿದು ಬಿಟ್ಟು ಶೂ ಕನ್ನಡಿಯಂತೆ ಪಾಲಿಶ್ ಆಗಿರುತ್ತದೆ, ಜೊತೆಗೆ ಒಳಗೆಲ್ಲ ಬೂದಿಯಂಥ ಪುಡಿ. ಆ ಪುಡಿಯನ್ನು ಬಾಯಲ್ಲಿ ಊದಬೇಡಿ, ಮಾಸ್ಕ್ ಹಾಕಿ, ಒದ್ದೆ ಬಟ್ಟೆಯಲ್ಲಿ ಒರೆಸಿ. ಶೂವಿನ ಮೇಲ್ಮೈಯನ್ನು 80ರ ಎಮರಿಯಲ್ಲಿ ಹೊಳಪು ಹೋಗುವವರೆಗೆ ಉಜ್ಜಿ, ಶೂ ಹಿಡಿಯುವ ಬಟ್ಟಲಿನಾಕಾರದ ಬೆಲ್ಲಿನ ಒಳಗನ್ನೂ ಅದೇ ರೀತಿ. ಶೂ ಸವೆದಿದ್ದರೆ ಅಥವಾ ಬೆಲ್ ನೀಲಿ ತಿರುಗಿದ್ದರೆ ಉಜ್ಜಿ ಪ್ರಯೋಜನವಿಲ್ಲ, ಬದಲಿಸಿ. ಶೂ ಮೇಲೆ ಎಣ್ಣೆ ಜಿಡ್ಡು ಕಂಡರೆ ಮೊದಲು ಯಾವ ಸೀಲು ಸೋರುತ್ತಿದೆ ಹುಡುಕಿ. ಇಲ್ಲದಿದ್ದರೆ ಹೊಸ ಶೂ ಸಹ ತಿಂಗಳಲ್ಲಿ ಅದೇ ಗತಿ.

ಎಳೆಯದೇ ಇರುವುದಕ್ಕೆ ಬೆಲ್ಟು ಮತ್ತು ಮುಂದಿನ ವೇರಿಯೇಟರಿನ ರೋಲರು ಕಾರಣ. ರೋಲರು ದುಂಡಗೆ ಉರುಳಬೇಕು. ಒಂದು ಬದಿ ಚಪ್ಪಟೆಯಾಗಿದ್ದರೆ ಅಲ್ಲೇ ಕೂರುತ್ತದೆ. ಆರಕ್ಕೆ ಆರೂ ಒಟ್ಟಿಗೆ, ಅದೇ ತೂಕದ್ದು ಹಾಕಿ. ಬೆಲ್ಟಿನ ಅಗಲವನ್ನು ವರ್ನಿಯರಿನಲ್ಲಿ ಅಳೆದು ಮ್ಯಾನುಯಲ್ಲಿನ ಮಿತಿಗೆ ಹೋಲಿಸಿ. ಹಲ್ಲಿನ ಬುಡದಲ್ಲಿ ಬಿರುಕಿದ್ದರೆ ಅಳತೆಯೂ ಬೇಡ. ಬೆಲ್ಟ್ ಓಡುವ ಜಾಗಕ್ಕೆ ಗ್ರೀಸ್ ತಾಕಿಸಬೇಡಿ.

ಜೋಡಿಸುವಾಗ ಹೊಸಬರು ಎಡವುವ ಜಾಗ ಒಂದಿದೆ. ಬೆಲ್ಟ್ ಹಾಕುವ ಮುಂಚೆ ಹಿಂದಿನ ಪುಲ್ಲಿಯ ಎರಡು ತಟ್ಟೆಗಳನ್ನು ಕೈಯಲ್ಲಿ ಅಗಲಿಸಿ ಬೆಲ್ಟನ್ನು ಅದರ ಆಳಕ್ಕೆ ಇಳಿಸಬೇಕು. ಆಗ ಮುಂದೆ ಬೆಲ್ಟ್ ಸಡಿಲವಾಗಿ ಜೋತುಬೀಳುತ್ತದೆ. ಹಾಗೆ ಮಾಡದಿದ್ದರೆ ಮುಂದಿನ ತಟ್ಟೆ ಮತ್ತು ನಡುವಿನ ಬುಶ್ಶಿನ ಮಧ್ಯೆ ಬೆಲ್ಟು ಸಿಕ್ಕಿಕೊಳ್ಳುತ್ತದೆ. ನಟ್ ಟೈಟಾದಂತೆ ಅನಿಸುತ್ತದೆ, ನಿಜವಾಗಿ ಅದು ಅಮುಕುತ್ತಿರುವುದು ಬೆಲ್ಟನ್ನು. ಗಾಡಿ ಸ್ವಲ್ಪ ದೂರ ಓಡಿದ ಮೇಲೆ ನಟ್ ಸಡಿಲವಾಗಿ ಕ್ರ್ಯಾಂಕಿನ ಸ್ಪ್ಲೈನ್ (ತಟ್ಟೆಯನ್ನು ಹಿಡಿದಿಡುವ ಹಲ್ಲು) ತಿಂದುಹೋಗುತ್ತದೆ. ನೂರಾರು ರೂಪಾಯಿಯ ಕೆಲಸ ಕ್ರ್ಯಾಂಕ್ ಬದಲಿಸುವವರೆಗೆ ಬೆಳೆಯುವುದು ಹೀಗೆ. ಟೈಟ್ ಮಾಡಿದ ಮೇಲೆ ಮುಂದಿನ ತಟ್ಟೆಯನ್ನು ಕೈಯಲ್ಲಿ ಅಲುಗಿಸಿ ನೋಡಿ, ಸ್ವಲ್ಪವೂ ಆಡಬಾರದು. ಹಿಂದಿನ ಕ್ಲಚ್ಚಿನ ದೊಡ್ಡ ನಟ್ಟಿನ ಕೆಳಗೆ ಬಲವಾದ ಸ್ಪ್ರಿಂಗ್ ಅದುಮಿಕೊಂಡಿರುತ್ತದೆ. ಕಂಪ್ರೆಸರ್ ಟೂಲ್ ಇಲ್ಲದೆ ಅದನ್ನು ಬಿಚ್ಚಿದರೆ ಮುಖಕ್ಕೆ ಹಾರುತ್ತದೆ.

ಪ್ರಶ್ನೆ: ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಅರ್ಧ ಎಚ್‌ಪಿ ಮೋಟಾರು ಸ್ವಿಚ್ ಹಾಕಿದರೆ ಗುಂಯ್ ಅನ್ನುತ್ತದೆ, ತಿರುಗುವುದಿಲ್ಲ. ಕಂಡೆನ್ಸರ್ ಹೋಗಿದೆಯೆಂದು ಹೊಸದು ಹಾಕಿದರೂ ಅಷ್ಟೇ. ಬೋರ್‌ವೆಲ್ ನೀರು.
— ರಾಜರಾಜೇಶ್ವರಿ ನಗರದಿಂದ

ಉತ್ತರ: ಗುಂಯ್ ಅಂದ ತಕ್ಷಣ ಎಲ್ಲರೂ ಕಂಡೆನ್ಸರಿಗೆ ಓಡುತ್ತಾರೆ. ಬೋರ್ ನೀರಿನ ಮನೆಯಲ್ಲಿ ಮೊದಲು ಸಂಶಯಪಡಬೇಕಾದ್ದು ಪಂಪಿನ ಬಾಯಿ. ಮೋಟಾರು, ಪಂಪು ಒಂದೇ ಆಗಿರುವ ಈ ಸಣ್ಣ ಮೋನೋಬ್ಲಾಕಿನ ಹಿತ್ತಾಳೆ ಇಂಪೆಲ್ಲರಿಗೂ (ನೀರು ತಳ್ಳುವ ಚಕ್ರ) ಕೇಸಿಂಗಿಗೂ ನಡುವೆ ಇರುವ ಸಂದು ಕಾಗದದಷ್ಟೇ. ನಾಲ್ಕು ದಿನ ಓಡದೆ ನಿಂತರೆ ಸುಣ್ಣದ ಪದರ ಸಾಕು, ಜಾಮ್ ಆಗಲು.

ಎಂಸಿಬಿ ಆಫ್ ಮಾಡಿ, ಪ್ಲಗ್ ಇದ್ದರೆ ಕಿತ್ತಿಡಿ. ಸಂಪಿನ ಪಕ್ಕದ ಒದ್ದೆ ನೆಲದಲ್ಲಿ ಬರೀ ಸ್ವಿಚ್ಚನ್ನು ನಂಬುವುದು ಬೇಡ. ಮೋಟಾರಿನ ಹಿಂದಿನ ಜಾಲರಿ ಕವರ್ ತೆಗೆದರೆ ಪ್ಲಾಸ್ಟಿಕ್ ಫ್ಯಾನ್ ಕಾಣುತ್ತದೆ, ಅದನ್ನು ಕೈಯಲ್ಲಿ ತಿರುಗಿಸಿ. ಸರಾಗ ತಿರುಗಿದರೆ ತೊಂದರೆ ಕರೆಂಟಿನ ಕಡೆ. ಜಗ್ಗದಿದ್ದರೆ ಪಂಪಿನ ಕಡೆ.

ಜಾಮ್ ಆಗಿದ್ದರೆ ಮುಂದಿನ ಕೇಸಿಂಗಿನ ಬೋಲ್ಟ್ ಬಿಚ್ಚಿ. ಗ್ಯಾಸ್ಕೆಟ್ ಹರಿಯುವುದೇ ಹೆಚ್ಚು, ಹೊಸದನ್ನು ಮೊದಲೇ ತಂದಿಟ್ಟುಕೊಳ್ಳಿ, ಅದೇ ದಪ್ಪದ್ದು. ದಪ್ಪ ಹೆಚ್ಚಾದರೆ ಸಂದು ಅಗಲವಾಗಿ ನೀರಿನ ಒತ್ತಡ ಬರುವುದಿಲ್ಲ, ಕಡಿಮೆಯಾದರೆ ಇಂಪೆಲ್ಲರ್ ಉಜ್ಜುತ್ತದೆ. ಸುತ್ತಿಗೆಯಲ್ಲಿ ಇಂಪೆಲ್ಲರ್ ಹೊಡೆಯಬೇಡಿ, ಎಸಳು ಬಾಗಿದರೆ ಕಥೆ ಮುಗಿಯಿತು. ಮೊದಲು ಬೈಕಿನ ಟ್ಯಾಂಕಿಗೆ ಹೇಳಿದ ನಿಂಬೆ ಉಪ್ಪಿನ ನೀರೇ ಇಲ್ಲಿಯೂ ಬರುತ್ತದೆ. ಬಟ್ಟೆ ನೆನೆಸಿ ಸುಣ್ಣದ ಮೇಲೆ ಅರ್ಧ ಗಂಟೆ ಇಟ್ಟರೆ ಕರಗುತ್ತದೆ.

ಸರಾಗ ತಿರುಗುತ್ತಿದ್ದರೆ ಕಂಡೆನ್ಸರಿನ ಮೇಲೆ ಬರೆದ ಮೈಕ್ರೋಫ್ಯಾರಡ್ ಸಂಖ್ಯೆಯನ್ನು ಮೋಟಾರಿನ ಪಟ್ಟಿಯ ಮೇಲಿರುವುದಕ್ಕೆ ಹೋಲಿಸಿ. ಅಂಗಡಿಯವರು ಇದ್ದದ್ದನ್ನು ಕೊಟ್ಟು ಕಳಿಸುವುದುಂಟು. ಮುಟ್ಟುವ ಮುಂಚೆ ಅದರ ಎರಡೂ ವೈರಿಗೆ ಹಳೆಯ ತಂತಿಬಲ್ಬ್ ಹಿಡಿದು ಡಿಸ್ಚಾರ್ಜ್ ಮಾಡಿ. ಕೆಪಾಸಿಟಿ ಅಳೆಯುವ ಮೀಟರಿನಲ್ಲಿ 10ರ ಕಂಡೆನ್ಸರ್ 7 ತೋರಿಸಿದರೆ ಅದು ಸತ್ತಂತೆಯೇ. ಅದೂ ಸರಿಯಿದ್ದರೆ ವೈಂಡಿಂಗ್ ಅಳೆಯಿರಿ. ಮೋಟಾರಿನಿಂದ ಬರುವ ಮೂರು ವೈರಿನಲ್ಲಿ ಎರಡೆರಡರ ನಡುವೆ ರೆಸಿಸ್ಟೆನ್ಸ್ ನೋಡಿದರೆ ಮೂರು ಸಂಖ್ಯೆ ಸಿಗುತ್ತವೆ. ದೊಡ್ಡದು ಉಳಿದೆರಡರ ಮೊತ್ತಕ್ಕೆ ಸಮವಿರಬೇಕು. ಒಂದು ಕಡೆ ಏನೂ ತೋರಿಸದಿದ್ದರೆ ವೈಂಡಿಂಗ್ ಕಡಿದಿದೆ. ಯಾವುದೇ ವೈರಿನಿಂದ ಮೋಟಾರಿನ ಮೈಗೆ ಕನೆಕ್ಷನ್ ತೋರಿಸಿದರೆ ಆ ಮೋಟಾರಿಗೆ ಮತ್ತೆ ಕರೆಂಟ್ ಕೊಡಬೇಡಿ.

ಪಂಪಿಗೂ ಮೋಟಾರಿಗೂ ನಡುವಿನಿಂದ ನೀರು ತೊಟ್ಟಿಕ್ಕುತ್ತಿದ್ದರೆ ಈಗಲೇ ವಾಟರ್ ಸೀಲ್ ಬದಲಿಸಿ, ಇಲ್ಲದಿದ್ದರೆ ಅದೇ ನೀರು ಬೇರಿಂಗಿಗೆ ಇಳಿಯುತ್ತದೆ. ಸೀಲಿನ ಕಾರ್ಬನ್ ಮುಖವನ್ನು ಬೆರಳಲ್ಲಿ ಮುಟ್ಟಬೇಡಿ, ಗ್ರೀಸ್ ಹಚ್ಚಬೇಡಿ, ಶುದ್ಧ ನೀರಲ್ಲಿ ಒದ್ದೆ ಮಾಡಿ ಕೂರಿಸಿ. ಸಂಪು ಖಾಲಿಯಾದ ಮೇಲೂ ಓಡಿದ ಮೋಟಾರಿನಲ್ಲಿ ಮೊದಲು ಸುಡುವುದು ಈ ಸೀಲೇ.

ಪ್ರಶ್ನೆ: ಮಿಕ್ಸಿಯೊಳಗೆ ನೀಲಿ ಕಿಡಿ ಕಾಣುತ್ತದೆ, ಸುಟ್ಟ ವಾಸನೆ.
— ಮಲ್ಲೇಶ್ವರದಿಂದ

ಉತ್ತರ: ಸಣ್ಣ ಕಿಡಿ ಸಹಜ, ಸುತ್ತಲೂ ಉಂಗುರದಂತೆ ಹಬ್ಬಿದರೆ ಅಲ್ಲ. ಪ್ಲಗ್ ಕಿತ್ತು, ತಳ ಬಿಚ್ಚಿ ಎರಡೂ ಕಾರ್ಬನ್ ಬ್ರಶ್ ಹೊರತೆಗೆಯಿರಿ. 6 ಮಿ.ಮೀ.ಗಿಂತ ಗಿಡ್ಡವಾಗಿದ್ದರೆ ಎರಡನ್ನೂ ಒಟ್ಟಿಗೆ ಬದಲಿಸಿ. ಹೊಸದು ಗೂಡಿನಲ್ಲಿ ಸಲೀಸಾಗಿ ಜಾರಬೇಕು. ಹಾಕಿದ ಮೇಲೆ ಖಾಲಿ ಜಾರಿನಲ್ಲಿ ಕಡಿಮೆ ಸ್ಪೀಡಿನಲ್ಲಿ ಅರ್ಧರ್ಧ ನಿಮಿಷ, ಹತ್ತು ಸಲ ಓಡಿಸಿದರೆ ಬ್ರಶ್ ಆರ್ಮೇಚರಿನ ದುಂಡಿಗೆ ಕೂರುತ್ತದೆ. ಹಾಕಿದ ಕೂಡಲೇ ಇಡ್ಲಿ ಹಿಟ್ಟಿಗೆ ಬಳಸಬೇಡಿ. ಜಾರಿನ ತಳದಿಂದ ಕಪ್ಪು ನೀರು ಸೋರುತ್ತಿದ್ದರೆ ಅದು ಜಾರಿನ ಬುಶ್ಶು, ಮೋಟಾರಿಗೆ ಸಂಬಂಧವಿಲ್ಲ. ಆದರೆ ಆ ನೀರು ಕೆಳಗಿಳಿದು ಮೋಟಾರನ್ನೂ ಕೆಡಿಸುತ್ತದೆ.

ಪ್ರಶ್ನೆ: ಇಂಜಿನ್ ಆಯಿಲ್ ಬದಲಿಸುವಾಗ ಡ್ರೈನ್ ಬೋಲ್ಟ್ ಥ್ರೆಡ್ ಹೋಯಿತು. ಟೆಫ್ಲಾನ್ ಟೇಪ್ ಸುತ್ತಿ ಹಾಕಿದ್ದೇನೆ, ಸಾಕೇ?
— ವಿಜಯನಗರದಿಂದ

ಉತ್ತರ: ಸಾಲದು. ರಿಂಗ್ ರೋಡಿನಲ್ಲಿ ಬೋಲ್ಟ್ ಉದುರಿದರೆ ಆಯಿಲ್ ಲೈಟ್ ಕಾಣುವಷ್ಟರಲ್ಲಿ ಇಂಜಿನ್ ಹಿಡಿದಿರುತ್ತದೆ, ಎಷ್ಟೋ ಬೈಕಿನಲ್ಲಿ ಆ ಲೈಟೇ ಇರುವುದಿಲ್ಲ. ಅಂಟು ಹಚ್ಚಿದರೂ ಇದೇ ಮಾತು. ಹೆಲಿಕಾಯಿಲ್ ಹಾಕಿಸಿ: ಹಳೆಯ ಥ್ರೆಡ್ ಕೊರೆದು, ದೊಡ್ಡ ಟ್ಯಾಪ್ (ಥ್ರೆಡ್ ಕೊರೆಯುವ ಟೂಲ್) ಹೊಡೆದು, ಸ್ಟೀಲಿನ ಸುರುಳಿ ಕೂರಿಸಿದರೆ ಹಳೆಯ ಅಳತೆಯ ಬೋಲ್ಟೇ ಮತ್ತೆ ಹಿಡಿಯುತ್ತದೆ, ಮೊದಲಿಗಿಂತ ಗಟ್ಟಿಯಾಗಿ. ಕಿಟ್ಟು ಎಸ್.ಜೆ.ಪಿ. ರಸ್ತೆಯ ಟೂಲ್ಸ್ ಅಂಗಡಿಗಳಲ್ಲಿ ವಿಚಾರಿಸಿ. ಡ್ರಿಲ್ ನೇರ ಹಿಡಿಯುವ ಧೈರ್ಯವಿಲ್ಲದಿದ್ದರೆ ಒಳ್ಳೆಯ ಲೇತ್ ಅಂಗಡಿ ಸಾಕು. ಕೊರೆದಾಗ ಬೀಳುವ ಅಲ್ಯೂಮಿನಿಯಂ ಪುಡಿ ಒಳಗೆ ಉಳಿಯಬಾರದು. ಟ್ಯಾಪಿಗೆ ಗ್ರೀಸ್ ಮೆತ್ತಿ ಕೊರೆಯಿರಿ, ಆಮೇಲೆ ಅಗ್ಗದ ಆಯಿಲ್ ಮೇಲಿಂದ ಸುರಿದು ತೊಳೆದು ಹರಿಸಿ.

ಮುಂದೆ ಹಾಗಾಗದಿರಲು ಬೋಲ್ಟಿನ ವಾಷರನ್ನು ಪ್ರತಿ ಸಲ ಹೊಸದು ಹಾಕಿ. ಹಳೆಯ ವಾಷರ್ ಸೋರುತ್ತದೆ, ಸೋರಿದ್ದಕ್ಕೆ ಇನ್ನೊಂದಿಷ್ಟು ಬಿಗಿಯುತ್ತೇವೆ, ಥ್ರೆಡ್ ಹೋಗುತ್ತದೆ. ಉದ್ದ ಹಿಡಿಯ ಸ್ಪಾನರ್ ಬೇಡ. ಅಲ್ಯೂಮಿನಿಯಮ್ಮಿನೊಳಗೆ ಹೋಗುವ 6 ಮಿ.ಮೀ. ಬೋಲ್ಟಿಗೆ ಸುಮಾರು 10 ನ್ಯೂಟನ್ ಮೀಟರ್ ಬಿಗಿ ಸಾಕು, ಅಂದರೆ ಮಣಿಕಟ್ಟಿನ ಬಲ, ತೋಳಿನದಲ್ಲ.

ಪ್ರಶ್ನೆ: ಹಳೆಯ ಬೈಕಿನ ಚಾಸಿಗೆ ಪೌಡರ್ ಕೋಟಿಂಗ್ ಮಾಡಿಸಬೇಕೆಂದಿದ್ದೇನೆ. ಆರ್‌ಸಿ ಕೂಡ ಮುಂದಿನ ವರ್ಷ ಮುಗಿಯುತ್ತದೆ.
— ಯಲಹಂಕದಿಂದ

ಉತ್ತರ: ಎರಡಕ್ಕೂ ಸಂಬಂಧವಿದೆ. ಹದಿನೈದು ವರ್ಷ ತುಂಬಿದ ಮೇಲೆ ಆರ್‌ಸಿ ನವೀಕರಿಸುವಾಗ ಇನ್‌ಸ್ಪೆಕ್ಟರ್ ಚಾಸಿ ನಂಬರನ್ನು ಗಾಡಿಯ ಮೇಲೇ ನೋಡುತ್ತಾರೆ, ಅದರ ಪೆನ್ಸಿಲ್ ಅಚ್ಚನ್ನೂ ಕೇಳುವುದುಂಟು. ಕೋಟಿಂಗಿಗೆ ಮುಂಚೆ ಹೊಡೆಯುವ ಮರಳು ಮತ್ತು ಮೇಲೆ ಕೂರುವ ದಪ್ಪ ಪದರ ಸೇರಿ ಆ ಅಂಕಿಗಳನ್ನು ಅಳಿಸಿಬಿಡುತ್ತವೆ. ನಂಬರ್ ಇರುವ ಜಾಗಕ್ಕೆ ಶಾಖ ತಡೆಯುವ ಟೇಪ್ ಹಾಕಿಸಿ, ಅಲ್ಲಿ ಮರಳು ಹೊಡೆಯಬಾರದೆಂದು ಕೆಲಸದವರಿಗೆ ತೋರಿಸಿ ಹೇಳಿ. ಕೊಡುವ ಮುಂಚೆ ಫೋಟೋ ತೆಗೆದಿಟ್ಟುಕೊಳ್ಳಿ. ಬಣ್ಣವನ್ನು ಆರ್‌ಸಿಯಲ್ಲಿ ಇರುವುದಕ್ಕಿಂತ ಬೇರೆ ಮಾಡುವುದಾದರೆ ಮೊದಲು ಆರ್‌ಟಿಓದಲ್ಲಿ ಅನುಮತಿ ಪಡೆಯಿರಿ. ನವೀಕರಣಕ್ಕೆ ಫಾರ್ಮ್ 25, ಚಾಲ್ತಿ ಇನ್ಶೂರೆನ್ಸ್, ಎಮಿಷನ್ ಸರ್ಟಿಫಿಕೇಟ್ ಬೇಕು. ಸಿಕ್ಕರೆ ಐದು ವರ್ಷಕ್ಕೆ. ಗಾಡಿ ಬಿಚ್ಚಿ ಹರಡಿರುವಾಗ ಆರ್‌ಸಿ ಮುಗಿಯದಂತೆ ನೋಡಿಕೊಳ್ಳಿ.

ಪ್ರಶ್ನೆ: ಫ್ಯಾನ್ ನಿಧಾನವಾಗಿದೆ, ಬೇರಿಂಗ್ ಬದಲಿಸಬೇಕೇ?
— ಹೆಬ್ಬಾಳದಿಂದ

ಉತ್ತರ: ಸದ್ದಿಲ್ಲದೆ ನಿಧಾನವಾಗಿದ್ದರೆ ಕಂಡೆನ್ಸರ್. ಹೆಚ್ಚಿನ ಸೀಲಿಂಗ್ ಫ್ಯಾನಿಗೆ 2.5 ಮೈಕ್ರೋಫ್ಯಾರಡ್, ಹಳೆಯದರ ಮೇಲಿನ ಸಂಖ್ಯೆ ನೋಡಿಕೊಂಡೇ ತನ್ನಿ. ಕರಕರ ಸದ್ದಿದ್ದರೆ ಬೇರಿಂಗ್. ಅಂಚಿನಲ್ಲಿ 6201 ಅಥವಾ 6202 ಎಂದಿರುತ್ತದೆ, ಎರಡು ಬದಿಯೂ ಮುಚ್ಚಿರುವ ಝಡ್‌ಝಡ್ ನಮೂನೆಯದ್ದು ಕೇಳಿ.

ಪ್ರಶ್ನೆ: ತೆಗೆದ ಇಂಜಿನ್ ಆಯಿಲನ್ನು ಎಲ್ಲಿ ಬಿಸಾಡುವುದು?
— ಬನಶಂಕರಿಯಿಂದ

ಉತ್ತರ: ಮೋರಿಗೂ ಬೇಡ, ಗೆದ್ದಲಿಗೆಂದು ಗಿಡದ ಬುಡಕ್ಕೂ ಬೇಡ. ಹೊಸ ಆಯಿಲ್ ಬಂದ ಡಬ್ಬಿಗೇ ತುಂಬಿ, ಹಳೆಯ ಆಯಿಲನ್ನು ಡ್ರಮ್ಮಿನಲ್ಲಿ ಕೂಡಿಟ್ಟು ಅಧಿಕೃತ ಮರುಬಳಕೆಯವರಿಗೆ ಕೊಡುವ ಸರ್ವಿಸ್ ಸೆಂಟರಿಗೆ ಒಯ್ಯಿರಿ. ಕಾರ್ಬ್ಯುರೇಟರ್ ತೊಳೆದ ಪೆಟ್ರೋಲನ್ನು ಮಾತ್ರ ಅದಕ್ಕೆ ಬೆರೆಸಬೇಡಿ, ಬೇರೆ ಡಬ್ಬಿಯಲ್ಲಿ ಹೆಸರು ಬರೆದು ಕೊಡಿ.